ಕತ್ತಿನ ಎಂಆರ್‌ಐಯಲ್ಲಿ ಕೊಬ್ಬಿನ ನಿಗ್ರಹ

ಕತ್ತಿನ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಕೊಬ್ಬು ಪಕ್ಕದ ಊತ, ಗಡ್ಡೆಗಳನ್ನು ಮರೆಮಾಡದಂತೆ ಅದರ ಸಂಕೇತವನ್ನು ಅಡಗಿಸುವ ತಂತ್ರ. ಕೊಬ್ಬು ಮತ್ತು ನೀರಿನ ಪ್ರೋಟಾನುಗಳ ಆವರ್ತನ ಸುಮಾರು 3.5 ಪಿಪಿಎಂನಷ್ಟು ಬೇರೆ, 1.5 ಟೆಸ್ಲಾ ಯಂತ್ರದಲ್ಲಿ ಇದು ಸುಮಾರು 220 ಹರ್ಟ್ಸ್. ಕೊಬ್ಬಿನ ಆವರ್ತನವನ್ನಷ್ಟೇ ಹಿಡಿದು ಅಡಗಿಸುವ ವಾಡಿಕೆಯ ಕ್ರಮಕ್ಕೆ ಕಾಂತಕ್ಷೇತ್ರ ಎಲ್ಲೆಡೆ ಸಮನಾಗಿರಬೇಕು. ಕತ್ತಿನಲ್ಲಿ ಅದೇ ಕಷ್ಟ: ಒಳಗೆ ಶ್ವಾಸನಾಳದ ಗಾಳಿ, ಹೊರಗೆ ಗದ್ದದಿಂದ ಹೆಗಲಿನವರೆಗೆ ಥಟ್ಟನೆ ಬದಲಾಗುವ ಆಕಾರ, ಬಾಯಲ್ಲಿ ಹಲ್ಲಿಗೆ ತುಂಬಿದ ಲೋಹ. ಹೀಗಾಗಿ ಗದ್ದದ ಕೆಳಗೋ ಹೆಗಲ ಬಳಿಯೋ ಕೊಬ್ಬು ಬೆಳ್ಳಗೇ ಉಳಿಯುತ್ತದೆ. ಕೆಲವೊಮ್ಮೆ ಅದರ ಬದಲು ನೀರಿನ ಸಂಕೇತವೇ ಅಳಿಸಿಹೋಗುತ್ತದೆ. ಅಪಾಯ ಹೆಚ್ಚಿರುವುದು ಇದರಲ್ಲೇ, ಏಕೆಂದರೆ ಆಗ ಕಾಯಿಲೆಯೇ ಕಣ್ಣಿಗೆ ಬೀಳದಿರಬಹುದು.

ಅಗ್ಗದ ಉಪಾಯವೆಂದರೆ ಕತ್ತಿನ ಸುತ್ತ ಅಕ್ಕಿ ತುಂಬಿದ ಚೀಲ ಒತ್ತಿಡುವುದು. ಪರ್‌ಫ್ಲೂರೋಕಾರ್ಬನ್ ದಿಂಬುಗಳೂ ಉಂಟು. ಗಾಳಿಯ ಜಾಗದಲ್ಲಿ ಬೇರೆ ವಸ್ತು ಕೂತು, ಕ್ಷೇತ್ರದ ಏರುಪೇರು ಚರ್ಮದಿಂದಾಚೆ ಸರಿಯುತ್ತದೆ. ಆವರ್ತನವನ್ನಲ್ಲ, ಕೊಬ್ಬಿನ ಸಂಕೇತ ಚೇತರಿಸಿಕೊಳ್ಳುವ ವೇಗವನ್ನು (ಟಿ1) ನೆಚ್ಚಿರುವ ಸ್ಟಿರ್ ವಿಧಾನ ಇಂಥ ಏರುಪೇರಿಗೆ ಜಗ್ಗದು. ಆದರೆ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧ ಚುಚ್ಚಿದ ಮೇಲೆ ಅದು ಸಲ್ಲದು: ಔಷಧ ಹೀರಿದ ಗಡ್ಡೆಯೂ ಕೊಬ್ಬಿನಂತೆಯೇ ಅಡಗಬಹುದು. 1984ರಲ್ಲಿ ಡಿಕ್ಸನ್ ಪ್ರಕಟಿಸಿದ ವಿಧಾನದ ಸುಧಾರಿತ ರೂಪಗಳು ನೀರು, ಕೊಬ್ಬುಗಳನ್ನು ಲೆಕ್ಕಹಾಕಿ ಬೇರ್ಪಡಿಸುತ್ತವೆ. ಕತ್ತಿಗೆ ಇವೇ ಹೆಚ್ಚು ಒಗ್ಗುತ್ತವೆ. ಅಪರೂಪಕ್ಕೆ ಲೆಕ್ಕ ತಪ್ಪಿ ನೀರು–ಕೊಬ್ಬು ಅದಲುಬದಲಾಗುವುದುಂಟು.