ಮನೆ ಖರೀದಿ ಹಾಗೂ ಮಾರಾಟ: ಸ್ಥಿರಾಸ್ತಿ ಏಜೆಂಟರನ್ನು ಆಯ್ಕೆ ಮಾಡುವಾಗ ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಬಹುತೇಕ ಕುಟುಂಬಗಳಿಗೆ ಮನೆಯ ಖರೀದಿ ಅಥವಾ ಮಾರಾಟವು ಜೀವಮಾನದಲ್ಲಿ ಒಂದೆರಡು ಬಾರಿ ಮಾತ್ರ ಎದುರಾಗುವ ವ್ಯವಹಾರವಾಗಿದೆ. ಸ್ಥಿರಾಸ್ತಿ ಏಜೆಂಟರಿಗೆ ಅದು ನಿತ್ಯದ ವೃತ್ತಿ. ಆದಕಾರಣ ಸಾರ್ವಜನಿಕರು ಏಜೆಂಟರ ಮಾತನ್ನೇ ನಂಬಿ ಮುಂಗಡ ಹಣ ಪಾವತಿಸಿ, ನಂತರ ತೊಂದರೆಗೆ ಒಳಗಾಗುವ ಸಂಭವವಿರುತ್ತದೆ. ಏಜೆಂಟರು ಮನೆಯನ್ನು ತೋರಿಸಬಲ್ಲರು. ಆ ಮನೆಯ ಮೇಲಿನ ಹಕ್ಕನ್ನು ದಾಖಲೆಗಳು ಮಾತ್ರ ತೋರಿಸಬಲ್ಲವು. ಈ ವ್ಯತ್ಯಾಸವನ್ನು ಮನಗಂಡು ವ್ಯವಹರಿಸಲು ಅನುಕೂಲವಾಗುವಂತೆ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಏಜೆಂಟರ ನೋಂದಣಿ ಯಾವಾಗ ಕಡ್ಡಾಯ?

ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ ಕಲಂ 9ರ ಮೇರೆಗೆ, ನೋಂದಾಯಿತ ಯೋಜನೆಯಲ್ಲಿನ ನಿವೇಶನ, ಫ್ಲ್ಯಾಟ್ ಅಥವಾ ಕಟ್ಟಡದ ಮಾರಾಟಕ್ಕೆ ಮಧ್ಯವರ್ತಿಯಾಗುವ ಏಜೆಂಟರು ಪ್ರಾಧಿಕಾರದಲ್ಲಿ ನೋಂದಣಿ ಹೊಂದಿರತಕ್ಕದ್ದು. ರಾಜ್ಯದಲ್ಲಿ ಈ ಕಾರ್ಯವನ್ನು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವು (ರೇರಾ) ನಿರ್ವಹಿಸುತ್ತದೆ. ನೋಂದಣಿಯ ಅವಧಿ 5 ವರ್ಷಗಳು. ನೋಂದಣಿ ಇಲ್ಲದೆ ವ್ಯವಹರಿಸುವ ಏಜೆಂಟರಿಗೆ ದಿನವೊಂದಕ್ಕೆ ರೂ. 10,000ದಂತೆ, ಸದರಿ ಸ್ವತ್ತಿನ ಬೆಲೆಯ ಶೇ. 5ರವರೆಗೆ ದಂಡ ವಿಧಿಸಲು ಕಲಂ 62ರಲ್ಲಿ ಅವಕಾಶವಿದೆ.

500 ಚದರ ಮೀಟರ್ ಮೀರದ ಜಮೀನಿನ ಅಥವಾ 8 ಮನೆಗಳನ್ನು ಮೀರದ ಯೋಜನೆಗಳಿಗೆ ಯೋಜನಾ ನೋಂದಣಿಯ ಅಗತ್ಯವಿರುವುದಿಲ್ಲ. ಅಂತೆಯೇ, ಖಾಸಗಿ ವ್ಯಕ್ತಿಯೊಬ್ಬರು ತಾವು ವಾಸವಿರುವ ಹಳೆಯ ಸ್ವತಂತ್ರ ಮನೆಯನ್ನು ಮತ್ತೊಬ್ಬರಿಗೆ ಮಾರುವ ಸಂದರ್ಭವು ಸಾಮಾನ್ಯವಾಗಿ ಮೇಲ್ಕಂಡ ಕಲಂನ ವ್ಯಾಪ್ತಿಗೆ ಬರುವುದಿಲ್ಲ. ಇಂತಹ ವ್ಯವಹಾರಗಳಲ್ಲಿ ಏಜೆಂಟರ ಮೇಲೆ ರೇರಾ ನಿಯಂತ್ರಣ ಇರುವುದಿಲ್ಲವಾದ್ದರಿಂದ ಹೆಚ್ಚಿನ ಎಚ್ಚರಿಕೆ ಅಗತ್ಯ.

2. ಏಜೆಂಟರನ್ನು ಒಪ್ಪಿಕೊಳ್ಳುವ ಮುನ್ನ

ಅ) ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ಪ್ರಾಧಿಕಾರದ ಜಾಲತಾಣದಲ್ಲಿ ಹೆಸರು, ವಿಳಾಸ ಹಾಗೂ ಅವಧಿಯನ್ನು ತಾಳೆ ನೋಡುವುದು. ವಿಸಿಟಿಂಗ್ ಕಾರ್ಡಿನಲ್ಲಿ ಮುದ್ರಿತವಾಗಿರುವ ಸಂಖ್ಯೆಯು ಏಜೆಂಟರದ್ದೋ ಅಥವಾ ಯೋಜನೆಯದ್ದೋ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಇವೆರಡೂ ಬೇರೆ ಬೇರೆ ನೋಂದಣಿಗಳಾಗಿವೆ.

ಆ) ಯೋಜನೆಯ ನೋಂದಣಿಗೆ ಅರ್ಜಿ ಸಲ್ಲಿಸುವಾಗ ಪ್ರವರ್ತಕರು ತಮ್ಮ ಏಜೆಂಟರ ಹೆಸರುಗಳನ್ನು ಘೋಷಿಸಬೇಕಾಗಿರುತ್ತದೆ. ಎದುರಿಗಿರುವ ಏಜೆಂಟರು ಆ ಪಟ್ಟಿಯಲ್ಲಿ ಇಲ್ಲದಿದ್ದಲ್ಲಿ ಪ್ರವರ್ತಕರ ಕಚೇರಿಯಲ್ಲೇ ವಿಚಾರಿಸುವುದು.

ಇ) ಏಜೆಂಟರು ಯಾರ ಪರವಾಗಿ ಕೆಲಸ ಮಾಡುತ್ತಿದ್ದಾರೆ, ಎರಡೂ ಕಡೆಯಿಂದ ಕಮಿಷನ್ ಪಡೆಯುತ್ತಾರೆಯೇ ಎಂಬುದನ್ನು ನೇರವಾಗಿ ಕೇಳುವುದು. ಇಬ್ಬರಿಂದಲೂ ಹಣ ಪಡೆಯುವವರು ಬೆಲೆಯ ಚೌಕಾಸಿಯಲ್ಲಿ ಒಬ್ಬರ ಪರವಾಗಿಯೇ ನಿಲ್ಲುವರೆಂದು ನಿರೀಕ್ಷಿಸಲಾಗದು.

ಈ) ಅದೇ ಬಡಾವಣೆಯಲ್ಲಿ ಅವರ ಮೂಲಕ ಈಗಾಗಲೇ ವ್ಯವಹರಿಸಿದವರನ್ನು ಭೇಟಿ ಮಾಡಿ ಅಭಿಪ್ರಾಯ ಪಡೆಯುವುದು.

ಉ) "ಇಂದೇ ಮುಂಗಡ ಕೊಡದಿದ್ದರೆ ಮನೆ ಕೈತಪ್ಪುತ್ತದೆ" ಎಂದು ಅವಸರಪಡಿಸುವವರು, ದಾಖಲೆಗಳ ಪ್ರತಿ ನೀಡಲು ಹಿಂಜರಿಯುವವರು ಹಾಗೂ ಮಾಲೀಕರ ನೇರ ಭೇಟಿಯನ್ನು ತಪ್ಪಿಸುವವರಿಂದ ದೂರವಿರುವುದು ಕ್ಷೇಮಕರ.

3. ಕಮಿಷನ್ ಕುರಿತು

ಕಮಿಷನ್ ಪ್ರಮಾಣವನ್ನು ಸದರಿ ಅಧಿನಿಯಮವು ನಿಗದಿಪಡಿಸಿಲ್ಲ. ಅದು ಉಭಯತ್ರರ ಒಪ್ಪಂದಕ್ಕೆ ಬಿಟ್ಟ ವಿಷಯ. ರೂಢಿಯಲ್ಲಿ ಕ್ರಯದ ಮೊತ್ತದ ಶೇ. 1 ಅಥವಾ ಶೇ. 2 ಎಂಬ ಲೆಕ್ಕವಿದೆ. ಉದಾಹರಣೆಗೆ, ರೂ. 60 ಲಕ್ಷದ ಮನೆಗೆ ಶೇ. 2ರಂತೆ ಕಮಿಷನ್ ರೂ. 1,20,000 ಆಗುತ್ತದೆ. ಏಜೆಂಟರು ಜಿಎಸ್‌ಟಿ ನೋಂದಾಯಿತರಾಗಿದ್ದಲ್ಲಿ ಶೇ. 18ರ ತೆರಿಗೆ ರೂ. 21,600 ಸೇರಿ ಒಟ್ಟು ರೂ. 1,41,600 ಆಗುತ್ತದೆ. ಆದ್ದರಿಂದ ಕಮಿಷನ್ ಪ್ರಮಾಣ, ತೆರಿಗೆ, ಪಾವತಿಯ ಹಂತ ಹಾಗೂ ವ್ಯವಹಾರ ಮುರಿದುಬಿದ್ದಲ್ಲಿ ಅನುಸರಿಸುವ ಕ್ರಮ ಇವುಗಳನ್ನು ಮೊದಲೇ ಬರಹದಲ್ಲಿ ದಾಖಲಿಸುವುದು. ಕಮಿಷನ್ನಿನ ಬಹುಭಾಗವನ್ನು ಕ್ರಯಪತ್ರ ನೋಂದಣಿಯಾದ ನಂತರವೇ ಪಾವತಿಸಿ ರಸೀದಿ ಪಡೆಯುವುದು ಸೂಕ್ತ.

4. ಖರೀದಿದಾರರಿಗೆ

ಅ) ಋಣಭಾರ ಪ್ರಮಾಣ ಪತ್ರವನ್ನು ಏಜೆಂಟರಿಂದ ಪಡೆಯದೆ, ಕಾವೇರಿ ತಂತ್ರಾಂಶದ ಮೂಲಕ ಖುದ್ದಾಗಿ ಅರ್ಜಿ ಸಲ್ಲಿಸಿ ಪಡೆಯುವುದು. ಹಳೆಯ ಅವಧಿಯ ವಿವರ ಆನ್‌ಲೈನ್‌ನಲ್ಲಿ ದೊರೆಯದಿದ್ದಲ್ಲಿ ಸಂಬಂಧಿಸಿದ ಉಪ ನೋಂದಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು. ಈ ಪತ್ರದಲ್ಲಿ ನೋಂದಾಯಿತ ವ್ಯವಹಾರಗಳು ಮಾತ್ರ ಕಾಣುತ್ತವೆ. ನೋಂದಣಿಯಾಗದ ಕರಾರು, ಉಯಿಲು ಅಥವಾ ಕುಟುಂಬದ ವ್ಯಾಜ್ಯಗಳು ಇದರಲ್ಲಿ ಕಾಣದಿರಬಹುದು. ಆದುದರಿಂದ ಮೂಲ ಹಕ್ಕುಪತ್ರಗಳನ್ನು ಕಣ್ಣಾರೆ ನೋಡಿ, ವಕೀಲರಿಂದ ಪರಿಶೀಲನೆ ಮಾಡಿಸುವುದು. ಏಜೆಂಟರೇ ಸೂಚಿಸಿದ ವಕೀಲರ ಬದಲು ತಾವೇ ಆಯ್ಕೆ ಮಾಡಿದ ವಕೀಲರನ್ನು ನೇಮಿಸಿಕೊಳ್ಳುವುದು ಒಳಿತು.

ಆ) ಖಾತಾ ಇದ್ದ ಮಾತ್ರಕ್ಕೆ ಮಾಲೀಕತ್ವ ಸಿದ್ಧವಾಗುವುದಿಲ್ಲ, ಅದು ಮೂಲತಃ ಆಸ್ತಿ ತೆರಿಗೆಗೆ ಸಂಬಂಧಿಸಿದ ದಾಖಲೆ. ಜಿಪಿಎ ಆಧಾರದ ಮಾರಾಟದಿಂದ ಹಕ್ಕು ವರ್ಗಾವಣೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿದೆ. ನೋಂದಾಯಿತ ಕ್ರಯಪತ್ರಕ್ಕೆ ಪರ್ಯಾಯವಿಲ್ಲ.

ಇ) ಮುಂಗಡವನ್ನು ಏಜೆಂಟರ ಕೈಗೆ ನೀಡದೆ, ಮಾಲೀಕರ ಬ್ಯಾಂಕ್ ಖಾತೆಗೇ ಪಾವತಿಸುವುದು. ಸ್ಥಿರಾಸ್ತಿ ವ್ಯವಹಾರದಲ್ಲಿ ರೂ. 20,000 ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ರೇರಾ ವ್ಯಾಪ್ತಿಯ ಯೋಜನೆಗಳಲ್ಲಿ, ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮೊತ್ತವನ್ನು ಪ್ರವರ್ತಕರು ಪಡೆಯುವಂತಿಲ್ಲ.

ಈ) ಮುದ್ರಾಂಕ ಶುಲ್ಕ ಉಳಿಸುವ ನೆಪದಲ್ಲಿ ಕ್ರಯಪತ್ರದಲ್ಲಿ ಕಡಿಮೆ ಮೊತ್ತ ನಮೂದಿಸುವ ಸಲಹೆಯನ್ನು ಒಪ್ಪಬಾರದು. ಕಡಿಮೆ ಮೌಲ್ಯ ನಮೂದಾದ ದಸ್ತಾವೇಜುಗಳ ಮೇಲೆ ಕರ್ನಾಟಕ ಮುದ್ರಾಂಕ ಅಧಿನಿಯಮ, 1957ರ ಕಲಂ 45-ಎ ಅಡಿ ಕ್ರಮ ಜರುಗಿಸಲು ಅವಕಾಶವಿದೆ. ಅಲ್ಲದೆ, ವ್ಯವಹಾರ ರದ್ದಾದಲ್ಲಿ ಪತ್ರದಲ್ಲಿ ಕಾಣದ ಹಣವನ್ನು ಮರಳಿ ಪಡೆಯುವುದು ಕಷ್ಟಸಾಧ್ಯ.

5. ಮಾರಾಟಗಾರರಿಗೆ

ಅ) ಏಜೆಂಟರಿಗೆ ಮೂಲ ಪತ್ರಗಳನ್ನು ಕೊಡಬಾರದು. ಜೆರಾಕ್ಸ್ ಪ್ರತಿಗಳ ಮೇಲೆ ಉದ್ದೇಶ ಹಾಗೂ ದಿನಾಂಕ ಬರೆದು ಸಹಿ ಮಾಡಿ ನೀಡುವುದು.

ಆ) ಖಾಲಿ ಛಾಪಾ ಕಾಗದಕ್ಕೆ ಸಹಿ ಮಾಡಬಾರದು. ಗಿರಾಕಿ ಹುಡುಕುವ ಕೆಲಸಕ್ಕೆ ಜಿಪಿಎ ಅಗತ್ಯವಿರುವುದಿಲ್ಲ.

ಇ) ಒಬ್ಬರಿಗೇ ಮಾರಾಟದ ಹೊಣೆ ವಹಿಸುವುದಾದಲ್ಲಿ ಮೂರು ತಿಂಗಳಂತಹ ನಿರ್ದಿಷ್ಟ ಅವಧಿಯನ್ನು ಬರಹದಲ್ಲಿ ನಮೂದಿಸುವುದು.

ಈ) ವಿದೇಶದಲ್ಲಿ ನೆಲೆಸಿರುವ ಮಾಲೀಕರು ಹಾಗೂ ಒಂಟಿಯಾಗಿರುವ ಹಿರಿಯ ನಾಗರಿಕರು ಖರೀದಿದಾರರೊಡನೆ ನೇರವಾಗಿ ಮಾತನಾಡಿ, ಒಪ್ಪಿದ ಬೆಲೆಯನ್ನು ಖಚಿತಪಡಿಸಿಕೊಳ್ಳುವುದು.

6. ದೂರು ಸಲ್ಲಿಕೆ

ರೇರಾ ವ್ಯಾಪ್ತಿಯ ವ್ಯವಹಾರಗಳಲ್ಲಿ ಏಜೆಂಟರು ಅಧಿನಿಯಮವನ್ನು ಉಲ್ಲಂಘಿಸಿದಲ್ಲಿ ಕಲಂ 31ರಡಿ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ಇತರೆ ವ್ಯವಹಾರಗಳಲ್ಲಿ, ಹಣ ಪಡೆದು ನೀಡಿದ ಸೇವೆಯಲ್ಲಿ ನ್ಯೂನತೆ ಕಂಡುಬಂದಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ, ವಂಚನೆ ನಡೆದಲ್ಲಿ ಪೊಲೀಸ್ ಠಾಣೆಗೂ ದೂರು ನೀಡಬಹುದು. ಎಲ್ಲ ಸಂದರ್ಭಗಳಲ್ಲಿಯೂ ರಸೀದಿ, ಬ್ಯಾಂಕ್ ವಿವರ, ಲಿಖಿತ ಒಪ್ಪಂದ ಹಾಗೂ ಮೊಬೈಲ್ ಸಂದೇಶಗಳೇ ಆಧಾರ. ಆದ್ದರಿಂದ ಮೊದಲ ದಿನದಿಂದಲೇ ಇವುಗಳನ್ನು ಒಂದು ಕಡತದಲ್ಲಿ ಕಾಯ್ದಿರಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.