ಬಂಗಾಳಕೊಲ್ಲಿಯ ಮೇಲ್ಪದರ ಮತ್ತು ಪ್ರಕ್ಷುಬ್ಧ ಮಿಶ್ರಣ

ಕಡಲನ್ನು ಕದಡಿದರೆ ಪದರಗಳು ಅಳಿಸಿಹೋಗುತ್ತವೆ ಎಂಬುದು ಸಹಜ ಊಹೆ. ಉತ್ತರ ಬಂಗಾಳಕೊಲ್ಲಿ ಈ ಊಹೆಗೆ ಒಗ್ಗುವುದಿಲ್ಲ. ಗಂಗಾ, ಬ್ರಹ್ಮಪುತ್ರ, ಐರಾವತಿ, ಮಹಾನದಿಗಳ ನೀರೂ ಮಳೆಯೂ ಸೇರಿ ಅಲ್ಲಿ ಉಪ್ಪು ಕಡಿಮೆಯಿರುವ ತೆಳು ಮೇಲ್ಪದರವನ್ನು ಹಾಸುತ್ತವೆ. ಮುಂಗಾರಿನ ಗಾಳಿ ಬೀಸಿದರೂ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಸಿಹಿನೀರು ನದಿಯದ್ದು, ನಿಜ. ಆದರೆ ಪದರದ ದಪ್ಪವನ್ನೂ ಅಂಚಿನ ಹರಿತವನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಮಿಶ್ರಣವೇ ಎಂಬುದು ಈ ಲೇಖನದ ವಾದ.

ಭಾರದ ನೀರನ್ನು ಮೇಲೆತ್ತಿ ಹಗುರ ನೀರನ್ನು ಕೆಳಗಿಳಿಸಲು ಶಕ್ತಿ ಬೇಕು. ಸುಮಾರು 28 ಡಿಗ್ರಿ ಸೆಲ್ಸಿಯಸ್‌ನ ಕಡಲನೀರಿನಲ್ಲಿ ಲವಣಾಂಶ ಕಿಲೋಗ್ರಾಂಗೆ 1 ಗ್ರಾಂ ಇಳಿಯುವುದೂ ಉಷ್ಣತೆ 2 ಡಿಗ್ರಿಗಿಂತ ತುಸು ಹೆಚ್ಚು ಏರುವುದೂ ಸಾಂದ್ರತೆಯ ಮಟ್ಟಿಗೆ ಒಂದೇ. ತಲಾ 10 ಮೀಟರ್ ದಪ್ಪದ ಎರಡು ಪದರಗಳ ನಡುವೆ ಲವಣಾಂಶದಲ್ಲಿ 2 ಗ್ರಾಂ ಅಂತರವಿದೆ ಎಂದುಕೊಳ್ಳೋಣ. ಸಾಂದ್ರತೆಯ ಅಂತರ ಘನಮೀಟರಿಗೆ ಸುಮಾರು 1.5 ಕಿಲೋಗ್ರಾಂ. ಎರಡನ್ನೂ ಪೂರ್ತಿ ಬೆರೆಸಲು ಚದರ ಮೀಟರಿಗೆ ಸುಮಾರು 735 ಜೂಲ್ ಪ್ರಚ್ಛನ್ನ ಶಕ್ತಿ ತುಂಬಬೇಕು. ಲವಣಾಂಶ ಒಂದೇ ಆಗಿದ್ದು ಉಷ್ಣತೆಯಲ್ಲಷ್ಟೇ ಅರ್ಧ ಡಿಗ್ರಿ ಅಂತರವಿದ್ದರೆ ಇದರ ಒಂಬತ್ತನೇ ಒಂದು ಪಾಲು ಸಾಕು. ಈ ಶಕ್ತಿಯನ್ನು ಒದಗಿಸುವುದು ಕದಡಿದ ನೀರಿನ ಸುಳಿಗಳು; ಅವುಗಳ ಶಕ್ತಿಯ ಬಹುಭಾಗ ಸ್ನಿಗ್ಧತೆಯಿಂದ ಶಾಖವಾಗಿ ಕಳೆದುಹೋಗುತ್ತದೆ. ಹಾಗೆ ಕಳೆಯುವ ಶಕ್ತಿಯ ಐದನೇ ಒಂದು ಪಾಲಿನಷ್ಟು ಮಾತ್ರ, ಅದೂ ಗರಿಷ್ಠವೆಂದರೆ, ಬೆರೆಸುವ ಕೆಲಸಕ್ಕೆ ಸಲ್ಲುತ್ತದೆ ಎಂದು ಸಾಗರವಿಜ್ಞಾನಿ ಆಸ್ಬಾರ್ನ್ 1980ರಲ್ಲಿ ಅಂದಾಜಿಸಿದರು. ಹಾಗಾದರೆ ನಮ್ಮ ಎರಡು ಪದರಗಳಿಗೆ ಕನಿಷ್ಠ 4400 ಜೂಲ್ ಬೇಕು.

ಶಕ್ತಿ ಸಾಲದಿದ್ದಾಗ ಏನಾಗುತ್ತದೆ ಎಂಬುದೇ ಹೆಚ್ಚು ಕುತೂಹಲದ್ದು. 1972ರಲ್ಲಿ ಓ. ಎಂ. ಫಿಲಿಪ್ಸ್ ಒಂದು ಸಾಧ್ಯತೆಯನ್ನು ಮುಂದಿಟ್ಟರು. ಸಾಂದ್ರತೆ ಬಹಳ ಕಡಿದಾಗಿ ಬದಲಾಗುವಲ್ಲಿ ಸುಳಿಗಳು ಸೊರಗಿ, ಅಲ್ಲಿ ಮಿಶ್ರಣ ಕುಗ್ಗುತ್ತದೆ. ಅಕ್ಕಪಕ್ಕದಲ್ಲಿ ಅದು ಸರಾಗವಾಗಿ ನಡೆಯುತ್ತದೆ. ಪರಿಣಾಮವಾಗಿ ಏಕರೂಪದ ಜಾಗ ಇನ್ನಷ್ಟು ಏಕರೂಪವಾಗುತ್ತದೆ, ಕಡಿದಾದದ್ದು ಇನ್ನಷ್ಟು ಕಡಿದಾಗುತ್ತದೆ. 1989ರಲ್ಲಿ ರಡ್ಡಿಕ್, ಮ್ಯಾಕ್‌ಡೂಗಲ್, ಟರ್ನರ್ ಅವರು ಉಪ್ಪುನೀರಿನ ತೊಟ್ಟಿಯನ್ನು ಸರಳುಗಳಿಂದ ಕದಡಿ ಹೀಗೆ ಏಕರೂಪದ ಪದರಗಳೂ ಕಡಿದಾದ ಅಂಚುಗಳೂ ಸರದಿಯಾಗಿ ಬರುವ ಮೆಟ್ಟಿಲುಗಳು ಮೂಡುವುದನ್ನು ತೋರಿಸಿದರು. ತೊಟ್ಟಿಯ ಫಲಿತಾಂಶವನ್ನು ಇದ್ದಹಾಗೆಯೇ ಕೊಲ್ಲಿಗೆ ಹೊರಿಸಲಾಗದು: ಗಾಳಿ ಮೇಲಿನಿಂದ ಮಾತ್ರ ಕದಡುತ್ತದೆ, ಪ್ರವಾಹಗಳು ಸಿಹಿನೀರನ್ನು ಅಡ್ಡಡ್ಡ ಒಯ್ಯುತ್ತವೆ. ಆದರೂ ಮೂಲ ತರ್ಕ ನಿಲ್ಲುತ್ತದೆ. ಗಾಳಿ ಮೇಲ್ಪದರದ ಒಳಗನ್ನು ಸಮಗೊಳಿಸಿ, ಸಾಂದ್ರತೆಯ ವ್ಯತ್ಯಾಸವನ್ನೆಲ್ಲ ತಳದ ಅಂಚಿಗೆ ದೂಡುತ್ತದೆ. ಹರಿತಗೊಂಡ ಅಂಚು ಮುಂದಿನ ಕದಡನ್ನು ತಡೆಯುತ್ತದೆ.

ಆ ಅಂಚಿನ ಕೆಳಗೂ ನೀರು ಬೆಚ್ಚಗಿರುವುದುಂಟು. ಅಂಚಿಗೂ ಆಳದ ತಣ್ಣೀರಿಗೂ ನಡುವಿನ ಈ ಬೆಚ್ಚನೆಯ ಪದರವನ್ನೇ ತಡೆಪದರ ಎನ್ನುತ್ತೇವೆ. ಚಳಿಗಾಲದಲ್ಲಿ ಕೆಲವೆಡೆ ಮೇಲ್ಮೈಗಿಂತ ಒಳಗಿನ ನೀರೇ ಬಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಸಿಸ್ ಸೇನ್‌ಗುಪ್ತ ಮತ್ತು ಸಹಲೇಖಕರು 2008ರಲ್ಲಿ ತೋರಿಸಿದಂತೆ, ಮುಂಗಾರಿನ ನಂತರದ ಚಂಡಮಾರುತಗಳು ಉತ್ತರ ಕೊಲ್ಲಿಯ ಮೇಲ್ಮೈಯನ್ನು ತಣಿಸುವುದಿಲ್ಲ. ಅವು ಮೇಲೆತ್ತುವ ನೀರೂ ಬೆಚ್ಚಗೇ ಇರುತ್ತದೆ.

ಕಡಲನ್ನೂ ಚಂಡಮಾರುತಗಳನ್ನೂ ಮುನ್ಸೂಚಿಸುವ ಕಂಪ್ಯೂಟರ್ ಮಾದರಿಗಳ ಕಷ್ಟ ಇರುವುದು ಈ ಅಂಚಿನಲ್ಲಿಯೇ. ಮಿಶ್ರಣ ಎಷ್ಟು ಬೇಗ ನಡೆಯುತ್ತದೆ ಎಂಬುದನ್ನು ಸೂಚಿಸುವ ಗುಣಾಂಕ ಸೆಕೆಂಡಿಗೆ ಒಂದು ಚದರ ಮೀಟರಿನ ಲಕ್ಷದಲ್ಲೊಂದು ಪಾಲಾದರೆ 10 ಮೀಟರ್ ದಪ್ಪದ ಅಂಚು ಮಸುಕಾಗಲು ಸುಮಾರು ನಾಲ್ಕು ತಿಂಗಳು ಬೇಕು; ಅದನ್ನೇ ಹತ್ತು ಪಟ್ಟು ಹೆಚ್ಚಿಸಿದರೆ 12 ದಿನ. ಇಡೀ ಕಡಲಿಗೆ ಒಂದೇ ಗುಣಾಂಕವನ್ನು ಹಚ್ಚುವ ಮಾದರಿ, ಅಕ್ಟೋಬರಿನ ಚಂಡಮಾರುತ ಬರುವಷ್ಟರಲ್ಲಿ ಸಿಹಿನೀರಿನ ಅಂಚನ್ನು ಕರಗಿಸಿಬಿಟ್ಟಿದ್ದರೆ, ಆಳದ ತಣ್ಣೀರನ್ನು ಸುಲಭವಾಗಿ ಮೇಲೆ ತಂದು, ನಿಜವಾಗಿ ಬಲಗೊಳ್ಳಲಿರುವ ಚಂಡಮಾರುತವನ್ನು ಮುನ್ಸೂಚನೆಯಲ್ಲಿ ದುರ್ಬಲವಾಗಿಸಬಹುದು.