ಒಪ್ಪಿದವಳು, ಒಪ್ಪಿಸಿದವರು

ಕನ್ನಡದಲ್ಲಿ ‘ಒಪ್ಪು’ ಎಂಬ ಮಾತಿಗೆ ಕೈತುಂಬ ಕೆಲಸ. ಸೀರೆ ಮೈಬಣ್ಣಕ್ಕೆ ಒಪ್ಪುತ್ತದೆ, ಮನೆ ಒಪ್ಪ ಓರಣವಾಗಿರುತ್ತದೆ, ಮಕ್ಕಳು ಮೇಷ್ಟ್ರಿಗೆ ಮಗ್ಗಿ ಒಪ್ಪಿಸುತ್ತಾರೆ, ಜಗಳವಾಡಿದವರು ಒಪ್ಪಂದಕ್ಕೆ ಬರುತ್ತಾರೆ, ಸಿಕ್ಕಿಬಿದ್ದವನು ತಪ್ಪೊಪ್ಪಿಕೊಳ್ಳುತ್ತಾನೆ. ಮದುವೆಮನೆಗೆ ಬಂದಾಗ ಮಾತ್ರ ಇದೇ ಮಾತು ಎರಡಾಗಿ ಸೀಳುತ್ತದೆ. ಒಪ್ಪುವವರು ಒಬ್ಬರು, ಒಪ್ಪಿಸಿಕೊಳ್ಳುವವಳು ಇನ್ನೊಬ್ಬಳು.

‘ಹುಡುಗ ಒಪ್ಪಿದನಂತೆ’ ಎಂಬುದು ನಮ್ಮಲ್ಲಿ ಹಳೆಯ ಸಂಭ್ರಮದ ಸುದ್ದಿ. ‘ಹುಡುಗಿ ಏನಂದಳು?’ ಎಂದು ಕೇಳುವ ರೂಢಿ ಬಂದದ್ದು ತೀರ ಈಚೆಗೆ. ತಲೆ ತಗ್ಗಿಸಿ ಕೂತವಳ ಮೌನವನ್ನೇ ಸಮ್ಮತಿಯೆಂದು ಹಿಡಿದು ಎಷ್ಟೋ ತಲೆಮಾರು ಕಳೆದೆವು. ಧಾರೆ ಮುಗಿದ ಮೇಲೆ ಹೆಣ್ಣೊಪ್ಪಿಸುವ ಶಾಸ್ತ್ರ. ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟು ‘ಏನಾದರೂ ತಪ್ಪು ಮಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತಾರೆ ತಾಯಿತಂದೆ. ಆ ಮನೆಯ ಹೊಸ್ತಿಲನ್ನೇ ಇನ್ನೂ ತುಳಿಯದವಳ ಪರವಾಗಿ ಮುಂಗಡ ಕ್ಷಮಾಪಣೆ. ಹಿಂದೆಂದೋ ಗೋವೆಯಿಂದ ಬಂದು ಮಂಗಳೂರಿನಲ್ಲಿ ನೆಲೆಸಿದ ಕೊಂಕಣಿ ಕ್ಯಾಥೊಲಿಕರ ಮದುವೆಯಲ್ಲೂ ಈ ಶಾಸ್ತ್ರವಿದೆ. ಅವರು ಅದಕ್ಕೆ ಹೇಳುವುದು ‘ಒಪ್ಸುನ್ ದಿಂವ್ಚೆಂ’. ದೇವರು ಬೇರೆಯಾದರೂ ಕ್ರಿಯಾಪದ ಬದಲಾಗಲಿಲ್ಲ.

ಒಪ್ಪಿಸುವ ಕೆಲಸವನ್ನು ಸರ್ಕಾರವೇ ಕೈಗೆತ್ತಿಕೊಂಡರೆ ಏನಾಗುತ್ತದೆ ಎಂಬುದನ್ನು ಗೋವೆಯ ಚರಿತ್ರೆ ತೋರಿಸುತ್ತದೆ. ಹೊನ್ನಾವರದ ತಿಮ್ಮಯ್ಯನ ನೆರವು ಪಡೆದಿದ್ದ ಪೋರ್ಚುಗೀಸರ ದಂಡನಾಯಕ ಆಲ್ಬುಕರ್ಕ್ 1510ರ ನವೆಂಬರ್ 25ರಂದು ಬಿಜಾಪುರದವರಿಂದ ಊರನ್ನು ಕಸಿದುಕೊಂಡ. ಸೆರೆಸಿಕ್ಕ ಮುಸ್ಲಿಂ ಹೆಂಗಸರಿಗೆ ದೀಕ್ಷಾಸ್ನಾನ ಮಾಡಿಸಿ ತನ್ನ ಸೈನಿಕರಿಗೆ ಕಟ್ಟಿದ. ಹಾಗೆ ಮದುವೆಯಾಗಿ ನೆಲೆ ನಿಂತ ಗಂಡಸರಿಗೆ ‘ಕಸಾದೊ’ ಎಂಬ ಬಿರುದು, ಜಮೀನು, ಸವಲತ್ತು. ಹೆಂಗಸರನ್ನು ಯಾರೂ ಕೇಳಲಿಲ್ಲ. ಅದೇ ಶತಮಾನದ ನಡುವಿನಿಂದ ಲಿಸ್ಬನ್ನಿನ ಅನಾಥ ಹುಡುಗಿಯರನ್ನು ಹಡಗು ಹತ್ತಿಸಿ ಗೋವೆಗೆ ಕಳಿಸತೊಡಗಿದರು. ‘ರಾಜನ ಅನಾಥೆಯರು’ ಎಂದು ಅವರ ಹೆಸರು. ಅವರ ವರದಕ್ಷಿಣೆ ಹಣವಲ್ಲ, ಒಂದು ಸರ್ಕಾರಿ ಹುದ್ದೆ. ಕೈಹಿಡಿದವನಿಗೆ ಕರಣಿಕನದೋ ಉಗ್ರಾಣದ್ದೋ ಕೆಲಸ ಸಿಗುತ್ತಿತ್ತು. ನೌಕರಿಗಾಗಿ ಬಂದವನ ಕಣ್ಣಿಗೆ ಆ ಹುಡುಗಿ ನೇಮಕಾತಿ ಪತ್ರವಾಗಿ ಕಂಡಿದ್ದರೆ ಆಶ್ಚರ್ಯವೇನು?

ಹಳೆ ಗೋವೆಯ ಗುಡ್ಡದ ಮೇಲೆ, ಸಂತ ಅಗಸ್ತೀನರ ಪಾಳುಗೋಪುರದ ಹತ್ತಿರ, ಸಾಂತಾ ಮೋನಿಕಾ ಕನ್ಯಾಮಠವಿದೆ. ಮೂರಂತಸ್ತಿನ ಕೋಟೆಯಂಥ ಕಟ್ಟಡ. ಆರ್ಚ್‌ಬಿಷಪ್ ಅಲೈಶೊ ದೆ ಮೆನೆಜಿಸ್ 1606ರಲ್ಲಿ ಇದಕ್ಕೆ ಅಡಿಗಲ್ಲಿಟ್ಟ, ಮುಗಿದದ್ದು 1627ರಲ್ಲಿ. ಪೂರ್ವದೇಶಗಳಲ್ಲಿ ಹೆಂಗಸರ ಇಷ್ಟು ದೊಡ್ಡ ಮಠ ಆಗ ಇನ್ನೊಂದಿರಲಿಲ್ಲ. ಬಾಗಿಲು ತೆರೆದದ್ದೇ ತಡ, ಉಳ್ಳವರ ಮನೆಯ ವಿಧವೆಯರೂ ಕನ್ಯೆಯರೂ ತಮ್ಮ ಪಾಲಿನ ಆಸ್ತಿಯೊಂದಿಗೆ ಒಳಹೊಕ್ಕರು. ನಗರಸಭೆಯ ಗಂಡಸರು ಕೆರಳಿ ರಾಜನಿಗೆ ದೂರು ಬರೆದರು: ಮದುವೆಯಾಗಬೇಕಾದ ಹೆಣ್ಣುಗಳೂ ವರದಕ್ಷಿಣೆಯೂ ಮಠದ ಪಾಲಾಗುತ್ತಿವೆ, ನಮ್ಮವರಿಗೆ ಹೆಣ್ಣೆಲ್ಲಿ?

ಆ ದೂರನ್ನು ನಾನು ಆ ಹೆಂಗಸರ ಸಾಕ್ಷ್ಯವೆಂದೇ ಓದುತ್ತೇನೆ. ಒಳಹೋದವರೆಲ್ಲ ದೇವರ ಕರೆಗೆ ಓಗೊಟ್ಟವರಲ್ಲ. ಆಸ್ತಿ ಹಂಚಿಹೋಗದಿರಲೆಂದು ಅಪ್ಪ ತಂದು ಬಿಟ್ಟ ಹುಡುಗಿಯರೂ ಇದ್ದಿರಲೇಬೇಕು. ಆದರೆ ಎಲ್ಲರೂ ಬರೀ ತಂದುಬಿಟ್ಟವರೇ ಆಗಿದ್ದರೆ ಊರಿನ ಗಂಡಸರು ಅಷ್ಟು ಹೆದರಬೇಕಿರಲಿಲ್ಲ. ಮುದಿ ಕಪ್ತಾನನ ಹಾಸಿಗೆ, ಕುಡಿದು ಬಂದವನ ಹೊಡೆತ, ವರ್ಷಕ್ಕೊಂದು ಬಾಣಂತನ, ಇವುಗಳಿಂದ ತಪ್ಪಿಸಿಕೊಳ್ಳಲು ಆ ಕಾಲದ ಹೆಣ್ಣಿಗೆ ಮರ್ಯಾದೆಯ ಬಾಗಿಲು ಇದ್ದದ್ದು ಅದೊಂದೇ. ಅದೂ ದುಡ್ಡಿದ್ದವಳಿಗೆ. ಇಲ್ಲದವಳಿಗೆ, ಸೆರೆಯಾಳಿಗೆ, ತೊತ್ತಿಗೆ ಅದು ಮುಚ್ಚಿದ ಬಾಗಿಲು. ಅದೇ ಊರಿನಲ್ಲಿ ‘ಸೆರ್ರಾ ಮಾತೆ’ಯ ಹೆಸರಿನ ಆಶ್ರಯಗೃಹವಿತ್ತು, ಸಮುದ್ರಯಾನಕ್ಕೆ ಹೊರಟ ಗಂಡ ಹೆಂಡತಿಯನ್ನು ಅಲ್ಲಿಗೆ ಒಪ್ಪಿಸಿ ಹೋಗಬಹುದಿತ್ತು.

ಒಪ್ಪಿಗೆ ಎಂಬ ಮಾತನ್ನು ಒಬ್ಬ ಹುಡುಗಿ ನ್ಯಾಯಾಲಯದಲ್ಲೇ ಎತ್ತಲು ಹತ್ತೊಂಬತ್ತನೆಯ ಶತಮಾನ ಬರಬೇಕಾಯಿತು. ಮುಂಬಯಿಯ ರುಖ್ಮಾಬಾಯಿಗೆ ಹನ್ನೊಂದಕ್ಕೇ ಮದುವೆಯಾಗಿತ್ತು. ಹೆಂಡತಿ ತನ್ನ ಮನೆಗೆ ಬರಬೇಕೆಂದು ಗಂಡ ದಾದಾಜಿ ಭಿಕಾಜಿ 1884ರಲ್ಲಿ ದಾವೆ ಹೂಡಿದಾಗ ಆಕೆಯ ವಾದ ಸರಳ: ಅರಿವಿಲ್ಲದ ವಯಸ್ಸಿನಲ್ಲಿ ನಡೆದ ಮದುವೆಗೆ ನಾನು ಒಪ್ಪಿರಲಿಲ್ಲ, ಹೋಗುವುದಿಲ್ಲ. 1887ರಲ್ಲಿ ನ್ಯಾಯಮೂರ್ತಿ ಫಾರನ್ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳ ಜೈಲು ಎಂದರು. ಜೈಲಿಗೇ ಹೋಗುತ್ತೇನೆ ಎಂದಳು ಆಕೆ. ಮರುವರ್ಷ ಎರಡು ಸಾವಿರ ರೂಪಾಯಿಗೆ ದಾದಾಜಿ ರಾಜಿಯಾದ. ಆಕೆ ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದಳು. 1891ರ ಸಮ್ಮತಿ ವಯಸ್ಸಿನ ಕಾಯ್ದೆಯ ಹಿಂದಿನ ಚರ್ಚೆಯಲ್ಲಿ ಆಕೆಯ ಹೆಸರು ಮತ್ತೆ ಮತ್ತೆ ಬಂತು.

ನಮ್ಮ ಶಾಸನಗಳಲ್ಲಿ ‘ಒಪ್ಪ’ ಎಂದರೆ ರುಜು. ವಿಜಯನಗರದ ಅರಸರ ತಾಮ್ರಪಟಗಳ ಕೊನೆಗೆ ‘ಶ್ರೀ ವಿರೂಪಾಕ್ಷ’ ಎಂದು ಇರುವುದು ಅವರ ಒಪ್ಪ. ಹೆಣ್ಣಿನ ಒಪ್ಪಿಗೆಗೆ ಆಕೆಯದೇ ಒಪ್ಪ ಬೇಕೆನ್ನುವ ಕಾನೂನು ಈಗ ಗೋವೆಯಲ್ಲಿದೆ. ಪೋರ್ಚುಗೀಸರ ಕಾಲದಿಂದ ಬಂದ ಸಿವಿಲ್ ಸಂಹಿತೆಯ ಪದ್ಧತಿಯಂತೆ ಅಲ್ಲಿ ವಧೂವರರು ರಿಜಿಸ್ಟ್ರಾರ್ ಮುಂದೆ ಎರಡು ಸಲ ರುಜು ಹಾಕುತ್ತಾರೆ. ಮೊದಲನೆಯದು ಮದುವೆಯಾಗುವ ಇರಾದೆಗೆ, ಕೆಲವು ದಿನ ಬಿಟ್ಟು ಎರಡನೆಯದು ಅದನ್ನು ಖಾಯಂ ಮಾಡಲು. ನಡುವಿನ ದಿನಗಳಲ್ಲಿ ಹುಡುಗಿ ಬೇಡವೆನ್ನಬಹುದು. ಒಳ್ಳೆಯ ಏರ್ಪಾಡು. ಆದರೆ ಮೊದಲ ರುಜುವಿಗೇ ಮದುವೆ ಮುಗಿಯಿತೆಂದು ನಂಬಿ ಸಂಸಾರ ಹೂಡಿ, ಆತ ಎರಡನೆಯದಕ್ಕೆ ಬಾರದೆ ನುಣುಚಿಕೊಂಡು, ಕಾನೂನಿನ ಲೆಕ್ಕಕ್ಕೆ ಹೆಂಡತಿಯೇ ಅಲ್ಲವೆನಿಸಿಕೊಂಡ ಹೆಂಗಸರೂ ಅಲ್ಲಿದ್ದಾರೆ. ಕಾರವಾರದಿಂದಲೋ ಬೆಳಗಾವಿಯಿಂದಲೋ ಗೋವೆಗೆ ಸೊಸೆಯಾಗಿ ಹೋಗುವ ಹುಡುಗಿಗೆ ಈ ಎರಡನೆಯ ರುಜುವಿನ ವಿಷಯವನ್ನು ಮನೆಯವರು ಮೊದಲೇ ಹೇಳಿ ಕಳಿಸಬೇಕು. ತಾರೀಖನ್ನು ಅವಳೇ ಬರೆದಿಟ್ಟುಕೊಳ್ಳಬೇಕು.